ಗಂಟಿಲ್ಲದ ಹಗ್ಗ

ಮುದ್ದನಕೋಟೆ ಅಂತ ಒಂದು ಸೀಮೆ. ಆ ಸೀಮೆಗೆ ಬೊಮ್ಮರಸ ಅಂತ ಒಬ್ಬ ಅರಸ. ಕೋಟೆ ದೊಡ್ಡದಲ್ಲ. ಅರಸನೂ ಅಷ್ಟೇನೂ ದೊಡ್ಡವನಲ್ಲ. ಆದರೆ ಆ ಸೀಮೆಯಲ್ಲಿ ಒಂದು ಒಳ್ಳೆಯ ಕಟ್ಟಳೆ ಇತ್ತು. ಈ ಕತೆ ಆ ಕಟ್ಟಳೆಯದು.

ಅಲ್ಲಿ ಯಾರ ನೆಲವನ್ನೂ ಅರಸ ತಾನೊಬ್ಬನೇ ತೆಗೆದುಕೊಳ್ಳುವಂತಿರಲಿಲ್ಲ. ಊರೆಂದ ಮೇಲೆ ಕೆರೆ ಬೇಕು, ದಾರಿ ಬೇಕು, ಕಣಜ ಬೇಕು. ನೆಲವಿಲ್ಲದೆ ಇವು ಯಾವುವೂ ಆಗುವುದಿಲ್ಲ. ಹಾಗೆ ನೆಲ ಬೇಕಾದಾಗ ಅರಸ ಹತ್ತೂರ ಹಿರಿಯರನ್ನು ಕರೆಸುತ್ತಿದ್ದ. ಓಲಗದ ಅಂಗಳದಲ್ಲಿ ಸಭೆ ಕೂರುತ್ತಿತ್ತು. ನಡುವೆ ಒಂದು ಹಗ್ಗ ಇಡುತ್ತಿದ್ದರು. ಕತ್ತಾಳೆ ನಾರಿನ ಅಳತೆಯ ಹಗ್ಗ. ಅದರ ಎರಡು ತುದಿಗೂ ಅರಸನ ಅರಗಿನ ಮುದ್ರೆ.

ಸಭೆ ಆ ಹಗ್ಗಕ್ಕೆ ಮೂರು ಗಂಟು ಹಾಕಬೇಕು.

ಮೊದಲನೆಯ ಗಂಟು, ಯಾತಕ್ಕೆ ಎಂಬುದಕ್ಕೆ. ಕೆರೆಗಾದರೆ ಗಂಟಿನಲ್ಲಿ ನೀಲಿ ದಾರ, ದಾರಿಗಾದರೆ ಕೆಂಪು ದಾರ, ಕಣಜಕ್ಕಾದರೆ ಹಳದಿ ದಾರ. ಎರಡನೆಯ ಗಂಟು, ಎಷ್ಟು ಎಂಬುದಕ್ಕೆ. ಎಷ್ಟು ಹಗ್ಗದ ಉದ್ದವೋ ಅಷ್ಟು ಸುತ್ತು. ಮೂರನೆಯ ಗಂಟು, ಬದಲಿಗೆ ಏನು ಎಂಬುದಕ್ಕೆ. ನೆಲ ಕಳೆದುಕೊಂಡವರಿಗೆ ಎಷ್ಟು ತುಂಡು ನೆಲ ಕೊಡಬೇಕೋ ಅಷ್ಟು ಸುತ್ತು.

ಗಂಟು ಬಿದ್ದ ಮೇಲೆ ಹಗ್ಗ ಅಳೆಯುವವನ ಕೈಗೆ ಹೋಗುತ್ತಿತ್ತು. ಯಾವ ದಿನ ಅಳೆಯಬೇಕು, ಗೂಟ ಎಲ್ಲಿ ಹೊಡೆಯಬೇಕು, ಕಲ್ಲು ಬಂದರೆ ಯಾವ ಕಡೆ ಬಳಸಬೇಕು, ಅದೆಲ್ಲ ಅವನಿಗೆ ಬಿಟ್ಟದ್ದು. ಮುದ್ರೆಯ ಹಗ್ಗ ಹಿಡಿದವರನ್ನು ಯಾರೂ ತಡೆಯುವಂತಿರಲಿಲ್ಲ. ಆದರೆ ಅಳೆಯುವಾಗ ಗಂಟು ಬಿಚ್ಚಿಕೊಂಡರೆ ಅವತ್ತಿನ ಅಳತೆ ಅಳತೆಯಲ್ಲ. ಮಾರನೆಯ ದಿನ ಮೊದಲಿನಿಂದ ಅಳೆಯಬೇಕು.

ಹೀಗೆ ಎಷ್ಟೋ ತಲೆಮಾರು ನಡೆಯಿತು.

ಒಂದು ವರ್ಷ ಕೆಳಗಿನೂರಿಗೆ ಕೆರೆ ಬೇಕಾಯಿತು. ಸಭೆ ಕೂತಿತು. ಮೇಲಿನ ಹೊಲವೋ ಕೆಳಗಿನ ಹೊಲವೋ ಎಂದು ಒಂದು ದಿನ ಮಾತಾಡಿದರು. ಎರಡು ದಿನ ಮಾತಾಡಿದರು. ಮೂರನೆಯ ದಿನವೂ ಮುಗಿಯಲಿಲ್ಲ. ಅದು ಸುಗ್ಗಿಯ ಕಾಲ. ಹಿರಿಯರ ಮೈ ಸಭೆಯಲ್ಲಿ, ಮನಸ್ಸು ಹೊಲದಲ್ಲಿ. ಅರಸನಿಗೆ ಮಂಡಿನೋವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

ಆಗ ಪಾರುಪತ್ತೇಗಾರ ದುಗ್ಗಣ್ಣ ಎದ್ದು ನಿಂತ. ಅರಸನ ಕೆಲಸಗಳನ್ನೆಲ್ಲ ನೋಡಿಕೊಳ್ಳುವವನು ಅವನು. ಚುರುಕಿನ ಆಳು.

"ಬುದ್ಧಿ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡವರು ಯಾಕೆ ಕೂರಬೇಕು? ಮುದ್ರೆ ಒತ್ತಿದ ಹಗ್ಗ ನನ್ನ ಕೈಗೆ ಕೊಡಿ. ಎಲ್ಲಿ ಏನು ಬೇಕು ಅಂತ ನಾನೇ ನೋಡ್ಕೋತೀನಿ. ಗಂಟು ಆಮೇಲೆ ನಾನೇ ಹಾಕ್ಕೋತೀನಿ."

ಅರಸ ಹಿರಿಯರ ಕಡೆ ನೋಡಿದ. "ನೀವೇನಂತೀರಿ?"

"ಪಾರುಪತ್ತೇಗಾರರು ಬಲ್ಲವರು. ಮಾಡಲಿ ಬಿಡಿ," ಎಂದರು ಒಂಬತ್ತು ಜನ. ಆಗಲೇ ಒಬ್ಬರು ರುಮಾಲು ಸುತ್ತಿಕೊಳ್ಳುತ್ತಿದ್ದರು.

ಹತ್ತನೆಯವನು ಈರಬಡಪ್ಪ. ಎಲ್ಲರಿಗಿಂತ ಮುದುಕ. ಅವನು ಕೂತಲ್ಲಿಂದ ಏಳದೆ ಹೇಳಿದ. "ಗಂಟಿಲ್ಲದ ಹಗ್ಗ ಯಾರ ಕೊರಳಿಗಾದರೂ ಆಗುತ್ತೆ, ಬುದ್ಧಿ."

"ಹಿರಿಯರ ಜೋಳ ಇನ್ನೂ ಹಾಲುಗಾಳೇನೋ, ಕೊಯ್ಲಿಗೆ ಬಂದಿಲ್ಲ. ಅದಕ್ಕೇ ಕೂತಿದಾರೆ," ಎಂದ ಒಬ್ಬ. ಎಲ್ಲರೂ ನಕ್ಕರು. ನಗುತ್ತಲೇ ಎದ್ದು ಹೊರಟರು.

ಗಂಟಿಲ್ಲದ ಹಗ್ಗ ದುಗ್ಗಣ್ಣನ ಕೈಗೆ ಹೋಯಿತು.

ಮೊದಲನೆಯ ಸಲ ದುಗ್ಗಣ್ಣ ನೀಲಿ ದಾರ ಹಾಕಿದ. ಕುಂಬಾರರ ಮಣ್ಣಿನ ಹೊಲ ಅಳೆದ. ಅಲ್ಲಿ ಕೆರೆ ಆಯಿತು. ಕುಂಬಾರರಿಗೆ ಹಳ್ಳದ ದಡದಲ್ಲಿ ಇನ್ನೂ ಒಳ್ಳೆಯ ಮಣ್ಣು ಸಿಕ್ಕಿತು. ಮಳೆ ಬಂತು, ಕೆರೆ ತುಂಬಿತು. ಸಭೆ ಕೂತಿದ್ದರೆ ಇನ್ನೂ ಮಾತೇ ನಡೀತಿತ್ತು ಎಂದು ಊರೆಲ್ಲ ಹೊಗಳಿತು. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಕೆಲಸವೇ.

ಎರಡನೆಯ ಸಲ ದುಗ್ಗಣ್ಣ ಕೆಂಪು ದಾರ ಹಾಕಿದ. ಗಾಣಿಗರು ಎಳ್ಳು ಒಣಗಿಸುವ ಕಣ ಅಳೆದ. ಅಲ್ಲಿ ದಾರಿ ಆಯಿತು. ಎರಡು ಗಾಡಿ ಒಟ್ಟಿಗೆ ಹೋಗುವಂಥ ದಾರಿ. ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ದುಗ್ಗಣ್ಣನ ಮಾವಿನ ತೋಪಿಗೆ ಹೋಗಿ ನಿಲ್ಲುತ್ತಿತ್ತು. ಮುಂದಕ್ಕೆ ಹೋಗುತ್ತಿರಲಿಲ್ಲ. ಗಾಣಿಗರು ಗೊಣಗಿದರು. ಊರು ಗೊಣಗಲಿಲ್ಲ. ಕಣ ಊರಿನದಲ್ಲವಲ್ಲ.

ಮೂರನೆಯ ಸಲಕ್ಕೆ ದುಗ್ಗಣ್ಣನಿಗೂ ಬೇಸರ ಬಂತು. ಬಿಸಿಲಲ್ಲಿ ಯಾರು ಅಲೆಯುತ್ತಾರೆ? ಅವನು ಹಗ್ಗವನ್ನು ಭಾವಮೈದ ಚೌಡಯ್ಯನಿಗೆ ಕೊಟ್ಟ. "ಬೇಕಾದ ಕಡೆ ಅಳಕೋ. ನನ್ನನ್ನ ಕೇಳೋಕೆ ಬರಬೇಡ," ಎಂದ.

ಚೌಡಯ್ಯನಿಗೆ ಎರಡು ಕುದುರೆ ಇದ್ದವು. ಓಡಿಸಲು ನೇರವಾದ ಬಯಲು ಇರಲಿಲ್ಲ. ಅವನು ಹಗ್ಗಕ್ಕೆ ಹಳದಿ ದಾರ ಹಾಕಿ, ಕಣಜಕ್ಕೆ ನೆಲ ಬೇಕು ಎಂದು ಸಾರಿಸಿದ. ಯಾವ ನೆಲ? ನೇಕಾರ ಕೇರಿಯ ಹಾಸಿನ ಬಯಲು.

ಹಾಸಿನ ಬಯಲು ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಸೀರೆಗೆ ಎರಡು ನೂಲು. ಅಡ್ಡಕ್ಕೆ ಹೋಗುವುದು ಹೊಕ್ಕು, ಉದ್ದಕ್ಕೆ ನಿಲ್ಲುವುದು ಹಾಸು. ಹಾಸನ್ನು ಮಗ್ಗಕ್ಕೆ ಏರಿಸುವ ಮೊದಲು ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ, ಬಿಸಿಲು ಬಲಿಯುವ ಮುಂಚೆ ಒಣಗಿಸಬೇಕು. ಅದಕ್ಕೆ ಬಯಲು ನೇರ ಇರಬೇಕು. ಮೂಲೆ ಬರಬಾರದು, ತಗ್ಗು ಬರಬಾರದು. ಆ ಬಯಲು ಏಳು ಹಗ್ಗ ಉದ್ದ ಇತ್ತು. ಎರಡು ಬದಿಗೂ ಬೇವಿನ ಮರ. ನೋಡಿದವರಿಗೆ ಬರಿದಾಗಿ ಬಿದ್ದ ನೆಲ. ಆದರೆ ಕೇರಿಯ ನಲವತ್ತು ಮಗ್ಗವೂ ಅಲ್ಲಿಂದಲೇ ಬದುಕುತ್ತಿದ್ದವು.

ಕೇರಿಗೆ ಹಿರಿಯಳು ಹಂಪವ್ವ. ಗಂಡ ತೀರಿಹೋಗಿದ್ದ. ಮನೆಯಲ್ಲಿ ಎರಡು ಮಗ್ಗ, ಇಬ್ಬರು ಸೊಸೆಯರು. ಹರಿದ ಎಳೆ ಕೂಡಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳು ಹಾಕಿದ ಗಂಟು ಜಾರಿದ್ದನ್ನು ಕಂಡವರಿಲ್ಲ.

ಹಂಪವ್ವ ಮೊದಲು ಚೌಡಯ್ಯನ ಹತ್ತಿರ ಹೋದಳು. ಅವನು ಕುದುರೆಗೆ ಮೈ ತಿಕ್ಕಿಸುತ್ತಿದ್ದ.

"ಧಣಿ, ಕಣಜ ಇನ್ನೊಂದು ಕಡೆ ಕಟ್ಟಬಹುದು. ಹಾಸು ಇನ್ನೊಂದು ಕಡೆ ನಿಲ್ಲಲ್ಲ."

"ಬದಲಿಗೆ ಮೂರು ತುಂಡು ಕೊಡ್ತಿದ್ದೀನಲ್ಲ. ಕುರಿಹಟ್ಟಿ ಹತ್ರ ಒಂದು, ಹಳ್ಳದ ಆಚೆ ಒಂದು, ಸುಡುಗಾಡಿನ ಅಂಚಿಗೆ ಒಂದು. ಕೂಡಿಸಿದ್ರೆ ನಿಮ್ಮ ಬಯಲಿನಷ್ಟೇ ಆಗುತ್ತೆ."

"ನೂಲು ಕತ್ತರಿಸಿ ಮೂರು ಕಡೆ ಹಾಸಿದ್ರೆ ಸೀರೆ ಆಗಲ್ಲ ಧಣಿ, ಚಿಂದಿ ಆಗುತ್ತೆ."

"ಅದು ನನಗೆ ಗೊತ್ತಿಲ್ಲ. ಹಗ್ಗ ನಂದಲ್ಲ, ನಮ್ಮ ಭಾವಂದು. ಅವರನ್ನ ಕೇಳು."

ಹಂಪವ್ವ ದುಗ್ಗಣ್ಣನ ಹತ್ತಿರ ಹೋದಳು. ಅವನು ಮಾವಿನ ತೋಪಿನಲ್ಲಿ ಮಂಚದ ಮೇಲೆ ಮಲಗಿದ್ದ.

"ನಾನೇನು ನಿನ್ನ ಬಯಲು ಕೇಳಿದೆನಾ? ಆ ಗಂಟು ನಾನು ಹಾಕಿದ್ದಲ್ಲ. ಹಗ್ಗದ ತುದೀಲಿ ಯಾರ ಮುದ್ರೆ ಇದೆ ನೋಡಿದ್ಯಾ? ಅರಸರದ್ದು. ಹೋಗಿ ಅವರನ್ನ ಕೇಳು."

ಹಂಪವ್ವ ಅರಸನ ಹತ್ತಿರ ಹೋದಳು. ಓಲಗದ ಅಂಗಳದ ಆ ತುದಿಯಲ್ಲಿ ಸಿಂಹಾಸನ. ಅರಸ ಅದರ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಕೆಟ್ಟವನಲ್ಲ. ಅವಳ ಮಾತು ಪೂರ್ತಿ ಕೇಳಿದ.

"ತಾಯಿ, ಯಾವ ಬಯಲೋ ನನಗೆ ಗೊತ್ತಿಲ್ಲ. ಹಗ್ಗ ದುಗ್ಗಣ್ಣನಿಗೆ ಕೊಟ್ಟಾಗಿದೆ. ಕೊಟ್ಟ ಮೇಲೆ ನಾನು ನಡುವೆ ಬರೋದು ಚೆನ್ನಾಗಿರಲ್ಲ. ಹಗ್ಗ ಯಾರ ಕೈಲಿದೆಯೋ ಅವರನ್ನೇ ಕೇಳಮ್ಮ."

"ಹಾಗಾದರೆ ಹಗ್ಗ ಯಾರ ಕೈಲಿದ್ರೆ ಅವರ ಮಾತೇ ನಡೆಯೋದಾ, ಬುದ್ಧಿ?"

"ಹೌದು. ಮುದ್ರೆ ನನ್ನದು, ಮಾತು ಹಗ್ಗ ಹಿಡಿದವರದು."

ಹಂಪವ್ವ ಕೈಮುಗಿದು ತಿರುಗಿದಳು. ಸಿಂಹಾಸನದಿಂದ ಬಾಗಿಲವರೆಗೆ ಅಂಗಳ ನೇರಕ್ಕೆ ಹಾಸಿತ್ತು. ಮೂಲೆ ಇಲ್ಲ, ತಗ್ಗು ಇಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲ. ಎರಡು ಬದಿಗೆ ಮರದ ಕಂಬಗಳ ಸಾಲು. ನೇಕಾರರ ಕಣ್ಣು, ನಡೆಯುತ್ತಲೇ ಅಳೆಯಿತು. ಏಳು ಹಗ್ಗ. ಹೆಚ್ಚಿಲ್ಲ, ಕಡಿಮೆ ಇಲ್ಲ.

ಮನೆಗೆ ಬಂದಾಗ ಹಿರಿಯ ಸೊಸೆ ಕೇಳಿದಳು. "ಅರಸರು ಏನಂದ್ರು ಅತ್ತೆ?"

"ಹಗ್ಗ ಹಿಡಿದವರನ್ನ ಕೇಳು ಅಂದ್ರು."

"ಹಗ್ಗ ಹಿಡಿದವರು?"

"ಅರಸರನ್ನ ಕೇಳು ಅಂದ್ರು."

"ಗಾಣದ ಎತ್ತಿನ ಹಾಗೆ ಸುತ್ತಿ ಬಂದಿರಿ."

"ಗಾಣದ ಎತ್ತಿಗೆ ಕಣ್ಣು ಕಟ್ಟಿರ್ತಾರೆ ಕಣೆ. ನಾನು ಕಣ್ಣು ಬಿಟ್ಟುಕೊಂಡು ಸುತ್ತಿದೀನಿ," ಎಂದಳು ಹಂಪವ್ವ.

ಅಳತೆಯ ದಿನ ಬಂತು. ಅಷ್ಟರಲ್ಲಿ ಸುಗ್ಗಿಯೂ ತಿರುಗಿ ಬಂದಿತ್ತು. ಚೌಡಯ್ಯ ಆಳುಗಳ ಜೊತೆ ಹಗ್ಗ ಹಿಡಿದು ಬಯಲಿಗೆ ಇಳಿದ. ನೇಕಾರರು ಕುಂಚ ಕೈಯಲ್ಲಿ ಹಿಡಿದು ಬೇವಿನ ಮರದ ಕೆಳಗೆ ನಿಂತರು. ಯಾರೂ ಅಡ್ಡ ಬರಲಿಲ್ಲ.

ಮೊದಲ ದಿನ ಮೂರು ಹಗ್ಗ ಅಳೆಯುವಷ್ಟರಲ್ಲಿ ಗಂಟು ಬಿಚ್ಚಿಕೊಂಡಿತು. ಅವತ್ತಿನ ಅಳತೆ ಹೋಯಿತು.

ಎರಡನೆಯ ದಿನ ಐದು ಹಗ್ಗಕ್ಕೆ ಗಂಟು ಬಿಚ್ಚಿಕೊಂಡಿತು. ಅವತ್ತಿನ ಅಳತೆಯೂ ಹೋಯಿತು.

ಮೂರನೆಯ ದಿನ ಹಗ್ಗ ಎಳೆಯುವ ಮುಂಚೆಯೇ ಗಂಟು ಬಿಚ್ಚಿಕೊಂಡು ಹಳದಿ ದಾರ ಗಾಳಿಗೆ ಹಾರಿತು.

"ಧಣಿ, ಅದು ಗಂಟೋ, ಜಡೆಗೆ ಮುಡಿಯೋ ಕುಚ್ಚೋ?" ಎಂದಳು ಕೇರಿಯ ಒಬ್ಬಳು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು.

ಚೌಡಯ್ಯ ಹುಟ್ಟಿದಾಗಿನಿಂದ ಯಾವತ್ತೂ ಗಂಟು ಹಾಕಿದವನಲ್ಲ. ಕುದುರೆ ಕಟ್ಟುವುದಕ್ಕೂ ಆಳು ಬೇಕು ಅವನಿಗೆ. ಆಳುಗಳ ಮುಂದೆ ಅವಮಾನ, ಹೊಟ್ಟೆಯಲ್ಲಿ ಹಸಿವು. ಹಂಪವ್ವನ ಕಡೆ ತಿರುಗಿದ.

"ಏ ಮುದುಕಿ, ನೀವು ನೇಕಾರರು. ಗಂಟು ಹಾಕೋದು ನಿಮಗೆ ಗೊತ್ತು. ಹಾಕಿಡು. ಉಂಡು ಬರ್ತೀನಿ."

"ಯಾವ ದಾರ ಹಾಕಲಿ ಧಣಿ?"

"ಯಾವುದೋ ಒಂದು. ನಿನಗೆ ತೋಚಿದ್ದು."

"ಎಷ್ಟು ಸುತ್ತು?"

"ನಿನಗೆ ತೋಚಿದಷ್ಟು."

"ಬದಲಿಗೆ?"

"ಅದನ್ನೂ ನೀನೇ ಹಾಕು. ಬಿಚ್ಚಿಕೊಳ್ಳದೆ ಇದ್ರೆ ಸಾಕು."

"ಎಲ್ಲರೂ ಕೇಳಿಸಿಕೊಂಡ್ರಾ?" ಎಂದಳು ಹಂಪವ್ವ. ಕೇಳಿಸಿತು ಎಂದರು ಎಲ್ಲರೂ. ಆಳುಗಳೂ ಎಂದರು. ಹಗ್ಗ ಅವಳ ಕೈಗೆ ಬಂತು. ಚೌಡಯ್ಯ ಊಟಕ್ಕೆ ಹೋದ.

ಹಂಪವ್ವ ಬೇವಿನ ನೆರಳಲ್ಲಿ ಕೂತು ಮೂರು ಗಂಟು ಹಾಕಿದಳು. ಒಂದೊಂದನ್ನೂ ಎಳೆದು ನೋಡಿದಳು. ಆಮೇಲೆ ಎದ್ದು, ಇಬ್ಬರು ಸೊಸೆಯರನ್ನೂ ಕೇರಿಯ ಹೆಂಗಸರನ್ನೂ ಕರೆದುಕೊಂಡು, ಗೂಟವನ್ನೂ ಅದನ್ನು ಹೊಡೆಯುವ ಕೊಡತಿಯನ್ನೂ ಹಿಡಿಸಿಕೊಂಡು ಕೋಟೆಯ ಕಡೆ ನಡೆದಳು.

ಬಾಗಿಲಲ್ಲಿ ಕಾವಲಿನವನು ಈಟಿ ಅಡ್ಡ ಹಿಡಿದ. ಹಂಪವ್ವ ಮುದ್ರೆ ತೋರಿಸಿದಳು. ಅವನು ಈಟಿ ಎತ್ತಿಕೊಂಡು ದಾರಿ ಬಿಟ್ಟ.

ಅವತ್ತು ಹತ್ತೂರ ಹಿರಿಯರು ಹೊಸ ಬೆಳೆಯ ಕಾಣಿಕೆ ತಂದಿದ್ದರು. ಓಲಗ ತುಂಬಿತ್ತು. ಅರಸ ಸಿಂಹಾಸನದಲ್ಲಿದ್ದ, ದುಗ್ಗಣ್ಣ ಪಕ್ಕದಲ್ಲಿದ್ದ. ಬಾಗಿಲ ಹತ್ತಿರ ಠಕ್ ಠಕ್ ಎಂದು ಸದ್ದಾಯಿತು. ಮೊದಲ ಗೂಟ ಬಿತ್ತು. ಹಗ್ಗ ಎಳೆದರು. ಎರಡನೆಯ ಗೂಟ ಬಿತ್ತು. ಹಿರಿಯರು ಕಾಲು ಹಿಂದಕ್ಕೆ ಎಳೆದುಕೊಂಡರು. ಮೂರನೆಯದು ಬಿತ್ತು, ನಾಲ್ಕನೆಯದು ಬಿತ್ತು. ಕೈಯಲ್ಲಿ ಮುದ್ರೆಯ ಹಗ್ಗ ಇದೆ, ತಡೆಯುವವರು ಯಾರು? ಗಂಟು ಒಂದೂ ಜಾರಲಿಲ್ಲ. ಏಳನೆಯ ಹಗ್ಗ ಎಳೆದಾಗ ತುದಿ ಸರಿಯಾಗಿ ಸಿಂಹಾಸನದ ಕಾಲಿಗೆ ಬಂದು ತಾಗಿತು.

"ಬುದ್ಧಿ, ಸ್ವಲ್ಪ ಏಳಬೇಕು. ಗೂಟ ಹೊಡೀಬೇಕು," ಎಂದಳು ಹಂಪವ್ವ.

ಅರಸನಿಗೆ ಮಂಡಿನೋವು ಮರೆತುಹೋಯಿತು. "ಏನಮ್ಮ ಇದು?"

"ನೆಲ ತೆಗೆದುಕೊಳ್ತಿದ್ದೀನಿ ಬುದ್ಧಿ. ಹಾಸು ಹಾಸೋದಕ್ಕೆ. ಮೊದಲ ಗಂಟಲ್ಲಿ ಬಿಳಿ ನೂಲಿದೆ ನೋಡಿ."

ದುಗ್ಗಣ್ಣ ಮುಂದೆ ಬಂದ. "ಬಿಳಿ ನೂಲು ಅಂತ ಕಟ್ಟಳೇಲಿ ಇಲ್ಲ. ನೀಲಿ, ಕೆಂಪು, ಹಳದಿ. ಮೂರೇ."

"ಕೆಂಪು ಅಂದ್ರೆ ಊರಿನ ದಾರಿ ಅಂತ ಕಟ್ಟಳೇಲಿತ್ತು. ಮಾವಿನ ತೋಪಿನ ದಾರಿ ಅಂತ ಇರಲಿಲ್ಲ. ಹಗ್ಗ ಹಿಡಿದವರು ಸೇರಿಸಿಕೊಂಡ್ರು. ನಾನೂ ಒಂದು ಸೇರಿಸಿಕೊಂಡೆ, ಸ್ವಾಮಿ."

ಹಿರಿಯರಲ್ಲಿ ಯಾರೋ ಕೆಮ್ಮಿದರು.

"ಬದಲಿಗೆ ಏನೂ ಕೊಡಲ್ಲ ಅಂದ್ಕೋಬೇಡಿ ಬುದ್ಧಿ," ಹಂಪವ್ವ ಮೂರನೆಯ ಗಂಟು ತೋರಿಸಿದಳು. "ಮೂರು ಸುತ್ತು, ಮೂರು ತುಂಡು. ಸಿಂಹಾಸನ ಕುರಿಹಟ್ಟಿ ಹತ್ರ ಇಡಬಹುದು. ಹಿರಿಯರು ಹಳ್ಳದ ಆಚೆ ಕೂರಬಹುದು. ಪಾರುಪತ್ತೇಗಾರರಿಗೆ ಸುಡುಗಾಡಿನ ಅಂಚಿದೆ. ಕೂಡಿಸಿದ್ರೆ ಇಷ್ಟೇ ಅಂಗಳ ಆಗುತ್ತೆ. ಲೆಕ್ಕ ನಂದಲ್ಲ, ಚೌಡಯ್ಯ ಧಣಿಗಳದ್ದು."

ಅರಸನ ಮುಖ ಕೆಂಪಾಯಿತು. "ಈ ಹಗ್ಗ ನಿನಗೆ ಯಾರು ಕೊಟ್ಟರು?"

"ಚೌಡಯ್ಯ ಧಣಿಗಳು. ಅವರನ್ನ ಕೇಳಿ."

ಅಷ್ಟರಲ್ಲಿ ಚೌಡಯ್ಯನೂ ಓಡಿಬಂದಿದ್ದ. ಎಂಜಲು ಕೈ ಇನ್ನೂ ತೊಳೆದಿರಲಿಲ್ಲ. "ನಂಗೆ ಕೊಟ್ಟಿದ್ದು ಭಾವ. ಅವರನ್ನ ಕೇಳಿ."

ದುಗ್ಗಣ್ಣ ನೆಲ ನೋಡಿದ. "ನನಗೆ ಕೊಟ್ಟಿದ್ದು..." ಎಂದು ನಿಲ್ಲಿಸಿದ.

ಮಾತು ಸುತ್ತಿ ಬಂದು ಅರಸನ ಕಾಲ ಬಳಿಯೇ ನಿಂತಿತು. ಹಗ್ಗದ ತುದಿಯೂ ಅಲ್ಲೇ ಇತ್ತು. ಅರಸ ಅದನ್ನು ಎತ್ತಿ ನೋಡಿದ. ತನ್ನದೇ ಮುದ್ರೆ.

"ಅವತ್ತು ನೀವೇ ಹೇಳಿದ್ರಿ ಬುದ್ಧಿ," ಎಂದಳು ಹಂಪವ್ವ. ದನಿ ಏರಿಸಲಿಲ್ಲ. "ಮುದ್ರೆ ನಿಮ್ಮದು, ಮಾತು ಹಗ್ಗ ಹಿಡಿದವರದು ಅಂತ. ಆ ಮಾತು ನಮ್ಮ ಬಯಲಿಗೆ ನಡೆಯೋದಾದ್ರೆ ಈ ಅಂಗಳಕ್ಕೂ ನಡೀಬೇಕು. ಇಲ್ಲಿ ನಡೆಯಲ್ಲ ಅಂತಾದ್ರೆ ಅಲ್ಲೂ ನಡೀಬಾರದು. ಏಳ್ತೀರೋ, ಇಲ್ಲ ಗೂಟ ಕೀಳ್ತೀರೋ, ಹೇಳಿ. ಅಲ್ಲಿ ನಮ್ಮ ಗಂಜಿ ಆರ್ತಾ ಇದೆ."

ದುಗ್ಗಣ್ಣ ಒಬ್ಬನೇ ಕೊನೆಯ ಸಲ ಬಾಯಿ ತೆರೆದ.

"ಎಲ್ಲದಕ್ಕೂ ಸಭೆ ಸಭೆ ಅಂದ್ರೆ ಯಾವ ಕೆಲಸ ಆಗುತ್ತೆ ಬುದ್ಧಿ? ಕೆಳಗಿನೂರ ಕೆರೆ ನೋಡಿ. ಒಳ್ಳೇದಾಗಲಿಲ್ಲವಾ?"

ಅರಸ ಈರಬಡಪ್ಪನ ಕಡೆ ನೋಡಿದ. ಮುದುಕ ಈ ಸಲ ಎದ್ದು ನಿಂತ.

"ಕೆರೆ ಒಳ್ಳೇದೇ ಆಯ್ತು. ಯಾಕೆಂದ್ರೆ ಅವತ್ತು ನಿಮ್ಮ ಮನಸ್ಸು ಒಳ್ಳೇದಿತ್ತು, ದುಗ್ಗಣ್ಣನವರೆ. ಆಮೇಲೆ ಇರಲಿಲ್ಲ. ನಿಮ್ಮ ಮನಸ್ಸು ಒಳ್ಳೇದಿರೋ ದಿನ ನೋಡಿಕೊಂಡು ಊರು ಬದುಕೋಕಾಗುತ್ತಾ? ಗೂಟ ಹೊಡೆಯೋ ಕೈ ಯಾರದಾದ್ರೂ ಇರಲಿ. ಅರಸರೇ ಬಂದು ಕೊಡತಿ ಹಿಡೀಬೇಕು ಅಂತ ಯಾರೂ ಹೇಳಲ್ಲ. ಗಂಟು ಹಾಕೋ ಕೈ ಮಾತ್ರ ಸಭೆಯದೇ ಆಗಿರಬೇಕು. ಅದನ್ನ ಅರಸರು ಕೊಟ್ಟಿದ್ದು ತಪ್ಪು." ಆಮೇಲೆ ಉಳಿದ ಒಂಬತ್ತು ಜನರ ಕಡೆ ತಿರುಗಿದ. "ಜೋಳ ಕಾಯೋಕೆ ಓಡಿಹೋದ ನಮ್ಮದೂ ತಪ್ಪು."

ಒಂಬತ್ತು ಜನರೂ ತಲೆ ತಗ್ಗಿಸಿದರು. ಹಾಲುಗಾಳಿನ ಮಾತಾಡಿದವನು ಎಲ್ಲರಿಗಿಂತ ಕೆಳಗೆ ತಗ್ಗಿಸಿದ.

ಅರಸ ಸಿಂಹಾಸನದಿಂದ ಇಳಿದು ನೆಲದ ಮೇಲೆ ಸಭೆಯಲ್ಲಿ ಕೂತ. ಮಂಡಿ ನೋಯುತ್ತಿತ್ತು. ಕೂತ. ಹಗ್ಗ ನಡುವೆ ಇಟ್ಟರು. ಹಂಪವ್ವನ ಗಂಟು ಬಿಚ್ಚಲು ಹೋದರು. ಬರಲಿಲ್ಲ. ಕೊನೆಗೆ ಅವಳೇ ಬಿಚ್ಚಿಕೊಟ್ಟಳು.

ಅವತ್ತು ಸಭೆ ಮೂರು ವಿಷಯ ಮಾತಾಡಿತು. ಹೊತ್ತು ಹೋಯಿತು, ಯಾರೂ ರುಮಾಲು ಮುಟ್ಟಲಿಲ್ಲ. ಕೆರೆಯ ವಿಷಯಕ್ಕೆ ಕುಂಬಾರರನ್ನು ಕರೆಸಿ ಕೇಳಿದರು. ಅವರು ಒಪ್ಪಿದ ಮೇಲೆ ಸಭೆಯೇ ನೀಲಿ ದಾರ ಹಾಕಿ ಕೆರೆಯನ್ನು ಊರಿನದು ಮಾಡಿತು. ಮಾವಿನ ತೋಪಿನ ದಾರಿಯನ್ನು ಅಗೆಸಿ, ನೆಲ ಗಟ್ಟಿ ಮಾಡಿಸಿ, ಗಾಣಿಗರಿಗೆ ತಿರುಗಿ ಕಣ ಮಾಡಿಕೊಟ್ಟರು. ಹಾಸಿನ ಬಯಲಿಗೆ ಹಗ್ಗವನ್ನೇ ತೆಗೆದುಕೊಂಡು ಹೋಗಲಿಲ್ಲ. ಅದು ಎಂದಿನಂತೆ ನೇಕಾರರದು.

ಓಲಗದ ಏಳು ಗೂಟವನ್ನೂ ದುಗ್ಗಣ್ಣ ತನ್ನ ಕೈಯಾರೆ ಕೀಳಬೇಕಾಯಿತು. ಅಲ್ಲಿಂದ ಮುಂದೆ ಅವನಿಗೆ ಸಿಕ್ಕಿದ್ದು ಗೂಟ ಹೊಡೆಯುವ ಕೆಲಸ ಮಾತ್ರ. ಅದನ್ನು ಅವನು ಚೆನ್ನಾಗಿಯೇ ಮಾಡಿದ. ಚುರುಕಿನ ಆಳು ಅಂತ ಮೊದಲೇ ಹೇಳಿದೆನಲ್ಲ. ಚೌಡಯ್ಯನಿಗೆ ಒಂದು ವರ್ಷ, ಬೆಳಗಾದರೆ ಬಯಲಿಗೆ ಬಂದು ಹಾಸಿನ ತುದಿ ಹಿಡಿದು ನಿಲ್ಲುವ ದಂಡ ಹಾಕಿದರು. ಹೆಂಗಸರು ಗಂಜಿ ಹಚ್ಚುತ್ತಾ, "ಧಣಿ, ಬಿಗಿ ಹಿಡೀರಿ, ಜಾರುತ್ತೆ," ಅನ್ನುತ್ತಿದ್ದರು. ವರ್ಷ ತುಂಬುವ ಹೊತ್ತಿಗೆ ಅವನು ಗಂಟು ಹಾಕುವುದು ಕಲಿತಿದ್ದ.

ಆಮೇಲೆ ಮುದ್ದನಕೋಟೆಯಲ್ಲಿ ಗಂಟಿಲ್ಲದ ಹಗ್ಗ ಸಭೆಯಿಂದ ಹೊರಗೆ ಹೋಗಲಿಲ್ಲ. ಸುಗ್ಗಿ ಇದ್ದರೂ ಹೋಗಲಿಲ್ಲ, ಮಂಡಿ ನೊಂದರೂ ಹೋಗಲಿಲ್ಲ.

ಇದರ ನೀತಿ ಇಷ್ಟು. ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದು. ಯಾತಕ್ಕೆ, ಎಷ್ಟು, ಬದಲಿಗೆ ಏನು ಎಂಬ ತೀರ್ಮಾನ ಯಾರದೋ ಅವರೇ ಅದನ್ನು ಮಾಡಬೇಕು. ಬೇಸರವಾಯಿತೆಂದು ಅದನ್ನು ಕೈಬಿಟ್ಟರೆ ಅದು ಒಂದು ಕೈಯಲ್ಲಿ ನಿಲ್ಲುವುದಿಲ್ಲ. ಕೈಯಿಂದ ಕೈಗೆ ಹೋಗಿ, ಕೊನೆಗೆ ಕೇಳಿದರೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ.

ಅವರು ಅಲ್ಲಿ ಬೇವಿನ ನೆರಳಲ್ಲಿ ಹಾಸು ಹಾಸಿಕೊಂಡು ಇದ್ದಾರೆ. ನಾವು ಇಲ್ಲಿ ಅವರು ನೆಯ್ದದ್ದನ್ನು ಉಟ್ಟುಕೊಂಡು ಕತೆ ಹೇಳಿಕೊಂಡಿದ್ದೇವೆ.